ಇಂದಿನ ಧಮ್ಮ ಚಿಂತನೆ: ಕೆಂಗಲ್ ಹನುಮಂತಯ್ಯನವರು, ಬಾಬಾಸಾಹೇಬರು ಮತ್ತು ನಮ್ಮ ಸಂವಿಧಾನ



ಧಮ್ಮ ಬಂಧುಗಳೇ, ಇಂದು ಡಿಸೆಂಬರ್ 1. ಐದು ದಿನದ ಹಿಂದೆ ಸಂವಿಧಾನ ದಿನ ಆಚರಿಸಿ ಪ್ರಸ್ತಾವನೆ ಓದಿದೆವು. ಇನ್ನೈದು ದಿನಕ್ಕೆ ಬಾಬಾಸಾಹೇಬರ ಪರಿನಿಬ್ಬಾಣ ದಿನ. ನಡುವೆ ಬರುವ ಇಂದಿನ ದಿನ ನಮ್ಮ ರಾಮನಗರದ ಕೆಂಗಲ್ ಹನುಮಂತಯ್ಯನವರು ತೀರಿಕೊಂಡ ದಿನ. ಅದು 1980ರ ಮಾತು.

ಅವರ ಬಗ್ಗೆ ಬರೆಯುತ್ತೇನೆ ಎಂದಾಗ ಬಳಗದ ಇಬ್ಬರು ಹುಡುಗರು, ಒಬ್ಬ ಮಾಗಡಿ ಕಡೆಯವನು, ಇನ್ನೊಬ್ಬ ಕನಕಪುರದವನು, ಒಪ್ಪಲಿಲ್ಲ. ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರ ಕರಡನ್ನು ಎದ್ದು ನಿಂತು ಟೀಕಿಸಿದವರು ಇವರು. ಬಲಾಢ್ಯ ಜಾತಿಯಲ್ಲಿ ಹುಟ್ಟಿದವರು. ಇವರ ಜೀವನ ನಮ್ಮ ಚಿಂತನೆಯ ಗುಂಪಿನಲ್ಲಿ ಯಾಕೆ, ಅಣ್ಣ? ಇದು ಅವರ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೇ. ಒಂದು ಸಾಲಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಆದ್ದರಿಂದ ಇಂದಿನದು ದಿನಕ್ಕಿಂತ ಉದ್ದವಿದೆ. ಬಿಡುವು ಮಾಡಿಕೊಂಡು ಓದಿ.

ಹನುಮಂತಯ್ಯನವರು ಹುಟ್ಟಿದ್ದು 1908ರ ಫೆಬ್ರವರಿಯಲ್ಲಿ, ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯಲ್ಲಿ, ಒಕ್ಕಲಿಗರ ಮನೆಯಲ್ಲಿ. ಆಗ ರಾಮನಗರಕ್ಕೆ ಕ್ಲೋಸ್‌ಪೇಟೆ ಎಂದು ಹೆಸರು. ಹೆಸರಿನ ಮುಂದಿನ ಕೆಂಗಲ್ಲು ನಮಗೆಲ್ಲ ಗೊತ್ತಿರುವ ಜಾಗ. ರಾಮನಗರದಿಂದ ಚನ್ನಪಟ್ಟಣಕ್ಕೆ ಹೋಗುವಾಗ ಆಂಜನೇಯನ ಗುಡಿ ಸಿಗುತ್ತದಲ್ಲ, ಅದೇ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಪುಣೆಗೆ ಹೋಗಿ ಕಾನೂನು ಓದಿದರು. ಆ ಪದವಿ ಸಿಕ್ಕಿದ್ದು 1932ರಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದೇ ಪುಣೆಯ ಯರವಡಾ ಜೈಲಿನಲ್ಲಿ ಗಾಂಧೀಜಿಯವರ ಉಪವಾಸದ ಎದುರು ಬಾಬಾಸಾಹೇಬರು ಪೂನಾ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಇಬ್ಬರೂ ಕಾನೂನಿನವರು. ಒಬ್ಬರು ಗಾಂಧೀಜಿಯವರ ಅನುಯಾಯಿಯಾಗಿ ಊರಿಗೆ ಬಂದರು, ಇನ್ನೊಬ್ಬರು ಗಾಂಧೀಜಿಯವರ ಮಾತಿಗೆ ತಮ್ಮ ಜನ ತೆತ್ತ ಬೆಲೆಯನ್ನು ಜೀವನವಿಡೀ ಮರೆಯಲಿಲ್ಲ. ಮುಂದೆ ದೆಹಲಿಯಲ್ಲಿ ನಡೆದ ವಾದದ ಬೇರು ಇಲ್ಲೇ ಇದೆ ಎಂದು ನನಗೆ ಅನಿಸುತ್ತದೆ.

ಯುವಕ ವಕೀಲರು ಬಂದು ನಿಂತ ಮೈಸೂರು ಸೀಮೆ ಹೇಗಿತ್ತು? ಕೋರ್ಟುಗಳಿದ್ದವು, ಪೊಲೀಸರಿದ್ದರು, ದಂಡಸಂಹಿತೆ ಇತ್ತು. ದಿವಾನ್ ರಂಗಾಚಾರ್ಲು ಅವರು 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಮಾಡಿದ್ದರು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂತು. ಮಾದರಿ ಸಂಸ್ಥಾನ ಎಂದು ಹೊಗಳಿಕೆಯೂ ಇತ್ತು. ಆದರೆ ಸಭೆಯವರು ಅಹವಾಲು ಹೇಳಬಹುದಿತ್ತು, ಸರ್ಕಾರವನ್ನು ಇಳಿಸುವಂತಿರಲಿಲ್ಲ. ದಿವಾನರನ್ನು ನೇಮಿಸುವವರು ಮಹಾರಾಜರು, ತೆಗೆಯುವವರೂ ಮಹಾರಾಜರು. ಅಂದರೆ ಕಾನೂನು ಇತ್ತು, ಆದರೆ ಕಾನೂನು ಮಾಡುವವನ ಕೈಯನ್ನೇ ಕಟ್ಟುವ ಇನ್ನೊಂದು ಕಾನೂನು ಇರಲಿಲ್ಲ. ಆ ಇನ್ನೊಂದಕ್ಕೇ ಸಂವಿಧಾನ ಎನ್ನುವುದು. ಹಳ್ಳಿಯಲ್ಲಿ ನಾವು ಕಾನೂನು, ಸಂವಿಧಾನ ಎರಡೂ ಒಂದೇ ಎಂಬಂತೆ ಮಾತಾಡುತ್ತೇವೆ. ಮನುವಿನದೂ ಕಾನೂನೇ ಆಗಿತ್ತು. ಒಂದೇ ತಪ್ಪಿಗೆ ಹುಟ್ಟು ನೋಡಿ ಬೇರೆ ಬೇರೆ ಶಿಕ್ಷೆ ಹೇಳುವ ಕಾನೂನು. ಅದನ್ನು ತಡೆಯಲು ಅದರ ಮೇಲೆ ಏನೂ ಇರಲಿಲ್ಲ.

ಹನುಮಂತಯ್ಯನವರು ಕಾಂಗ್ರೆಸ್ ಸೇರಿದರು, ಹಲವು ಸಲ ಜೈಲಿಗೆ ಹೋದರು, ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಬಂದು ಅಲ್ಲಿ ಪಕ್ಷದ ನಾಯಕರೂ ಆದರು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿನಲ್ಲಿ ದಿವಾನರ ಆಡಳಿತವೇ ಇತ್ತು. 1947ರ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿ ಶುರುವಾಯಿತು. ಜನ ಕೇಳಿದ್ದು ಜವಾಬ್ದಾರಿ ಸರ್ಕಾರ. ಈ ಪದವನ್ನು ಗಮನಿಸಿ. ಒಳ್ಳೆಯ ಸರ್ಕಾರ ಎಂದಲ್ಲ, ಜವಾಬ್ದಾರಿ ಸರ್ಕಾರ. ಆರಿಸಿದವರಿಗೆ ಉತ್ತರ ಹೇಳಬೇಕಾದ, ಅವರ ನಂಬಿಕೆ ಹೋದರೆ ಇಳಿಯಬೇಕಾದ ಸರ್ಕಾರ. ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿದರು, ಕೆ.ಸಿ. ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು.

ಮೈಸೂರಿಗೇ ಒಂದು ಸಂವಿಧಾನ ಸಭೆಯೂ ಕೂತಿತ್ತು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಕೊನೆಗೆ ಆ ಸಭೆ ಬೇರೆ ಸಂವಿಧಾನ ಬೇಡ, ಭಾರತದ ಸಂವಿಧಾನವೇ ನಮಗೂ ಇರಲಿ ಎಂದು ತೀರ್ಮಾನಿಸಿತು. 1949ರ ನವೆಂಬರ್ 25ರಂದು ಮಹಾರಾಜರು ಅದನ್ನು ಘೋಷಣೆ ಹೊರಡಿಸಿ ಒಪ್ಪಿಕೊಂಡರು. ಅದೇ ದಿನ ದೆಹಲಿಯಲ್ಲಿ ಬಾಬಾಸಾಹೇಬರು ತಮ್ಮ ಕೊನೆಯ ದೊಡ್ಡ ಭಾಷಣ ಮಾಡುತ್ತಿದ್ದರು.

ದೆಹಲಿಯ ಸಂವಿಧಾನ ಸಭೆಯಲ್ಲಿ ಮೈಸೂರಿಗೆ 7 ಸ್ಥಾನ ಇತ್ತು. ಅದರಲ್ಲಿ ಒಂದರಲ್ಲಿ ಹನುಮಂತಯ್ಯನವರು ಕೂತಿದ್ದರು. 1949ರ ನವೆಂಬರಿನಲ್ಲಿ ಮೂರನೇ ವಾಚನದ ಚರ್ಚೆ ನಡೆಯುವಾಗ ಅವರು ಮಾತಾಡಿದರು. ನಮ್ಮ ಹುಡುಗರಿಗೆ ಕೋಪ ತರಿಸಿದ ಮಾತು ಅದೇ. ನಾವು ಬಯಸಿದ್ದು ವೀಣೆಯ ಇಲ್ಲವೇ ಸಿತಾರಿನ ನಾದ, ಕೈಗೆ ಬಂದಿರುವುದು ಇಂಗ್ಲಿಷ್ ಬ್ಯಾಂಡಿನ ಸದ್ದು ಎಂಬುದು ಅವರ ದೂರಿನ ಸಾರ. ಕರಡು ಸಮಿತಿಯಲ್ಲಿದ್ದ ಹೆಚ್ಚಿನವರು ಸ್ವಾತಂತ್ರ್ಯ ಹೋರಾಟದಿಂದ ಬಂದವರಲ್ಲ, ತಾವು ಕಲಿತ ಕಾನೂನನ್ನೇ ತಂದಿಟ್ಟಿದ್ದಾರೆ, ಹಳ್ಳಿಯಿಂದ ಮೇಲಕ್ಕೆ ಕಟ್ಟುವ ಗಾಂಧೀಜಿಯವರ ದಾರಿ ಇದರಲ್ಲಿಲ್ಲ ಎಂದರು. ಆ ಭಾಷಣದಲ್ಲೇ ಇನ್ನೊಂದು ಮಾತೂ ಇದೆ, ಅದನ್ನು ಬಿಟ್ಟು ಓದಬಾರದು: ಸಮಿತಿಯವರನ್ನು ನಾನು ದೂರುವುದಿಲ್ಲ, ಈ ಕೆಲಸವನ್ನು ಅವರಿಗೆ ವಹಿಸಿದ ನಮ್ಮನ್ನೇ ದೂರಬೇಕು ಎಂಬ ಅರ್ಥದ ಮಾತು.

ಈಗ ನನ್ನ ಅಭಿಪ್ರಾಯ ಹೇಳುತ್ತೇನೆ. ಹಳ್ಳಿಯ ವಿಷಯದಲ್ಲಿ ಹನುಮಂತಯ್ಯನವರ ಮಾತು ನನಗೆ ಒಪ್ಪಿಗೆಯಿಲ್ಲ. ವೀಣೆ ಎಂದರೆ ಯಾರ ಮನೆಯ ವೀಣೆ? ನಮ್ಮ ತಾತಂದಿರಿಗೆ ಅದನ್ನು ಮುಟ್ಟಲು ಬಿಟ್ಟವರು ಯಾರು? ಅವರ ಕೈಗೆ ಕೊಟ್ಟದ್ದು ತಮಟೆ. ಸಾವಿಗೂ ಬಡಿ, ಸಾರುವುದಕ್ಕೂ ಬಡಿ, ದೇವರ ಮೆರವಣಿಗೆಗೂ ದೂರ ನಿಂತು ಬಡಿ. ನಾನು ಚಿಕ್ಕವನಿದ್ದಾಗ ನಮ್ಮೂರಿನ ಟೀ ಅಂಗಡಿಯಲ್ಲಿ ನಮಗೆಂದು ಬೇರೆ ಲೋಟ ಸೂರಿಗೆ ಸಿಕ್ಕಿಸಿಟ್ಟಿರುತ್ತಿದ್ದರು. ಕುಡಿದು ನಾವೇ ತೊಳೆದು ಅಲ್ಲೇ ಸಿಕ್ಕಿಸಬೇಕು. ಆ ಊರನ್ನೇ ರಾಜ್ಯದ ಅಡಿಪಾಯ ಮಾಡಿದ್ದರೆ ಆ ಲೋಟವೂ ಅಡಿಪಾಯದ ಒಳಗೇ ಹೋಗುತ್ತಿತ್ತು. 1948ರ ನವೆಂಬರ್ 4ರಂದು ಬಾಬಾಸಾಹೇಬರು ಕರಡು ಮಂಡಿಸುವಾಗ ಹಳ್ಳಿಯನ್ನು ಅಷ್ಟು ಕಟುವಾಗಿ ಟೀಕಿಸಿ, ಹಳ್ಳಿಯನ್ನಲ್ಲ, ಒಬ್ಬೊಬ್ಬ ಮನುಷ್ಯನನ್ನು ಘಟಕವಾಗಿ ಇಟ್ಟುಕೊಂಡದ್ದೇ ಸರಿ ಎಂದದ್ದು ಇದಕ್ಕೇ. ಜಾತಿಗೊಂದು ಓಟಲ್ಲ, ಊರಿಗೊಂದು ಓಟಲ್ಲ, ತಲೆಗೊಂದು ಓಟು. 14ನೇ ವಿಧಿಯಲ್ಲಿ ಕಾನೂನಿನ ಮುಂದೆ ಸಮಾನನಾದವನು ವ್ಯಕ್ತಿ. 17ನೇ ವಿಧಿಯಲ್ಲಿ ಅಸ್ಪೃಶ್ಯತೆ ರದ್ದಾದದ್ದು ಊರಿನ ಒಪ್ಪಿಗೆ ಪಡೆದಲ್ಲ.

ಪಂಚಾಯಿತಿಯನ್ನು ಸಂವಿಧಾನ ಪೂರ್ತಿ ಬಿಡಲೂ ಇಲ್ಲ. 1948ರ ನವೆಂಬರಿನಲ್ಲೇ ಅದು ತಿದ್ದುಪಡಿಯ ಮೂಲಕ ನಿರ್ದೇಶಕ ತತ್ವವಾಗಿ ಸೇರಿ ಈಗಿನ 40ನೇ ವಿಧಿಯಾಯಿತು. ನಿರ್ದೇಶಕ ತತ್ವ ಎಂದರೆ ಸರ್ಕಾರ ಮಾಡಬೇಕಾದದ್ದು, ಆದರೆ ಮಾಡಲಿಲ್ಲವೆಂದು ಕೋರ್ಟಿಗೆ ಎಳೆಯಲು ಬಾರದ್ದು. ಮೂಲಭೂತ ಹಕ್ಕು ಹಾಗಲ್ಲ. ಅದು ತಪ್ಪಿದರೆ 32ನೇ ವಿಧಿ ಹಿಡಿದು ನೇರ ಸುಪ್ರೀಂ ಕೋರ್ಟಿಗೆ ಹೋಗಬಹುದು. ಎರಡರ ನಡುವಿನ ಈ ವ್ಯತ್ಯಾಸ ನಮ್ಮ ಮಕ್ಕಳಿಗೆ ಬಾಯಿಗೆ ಬರಬೇಕು. 1992ರ 73ನೇ ತಿದ್ದುಪಡಿಯಿಂದ ಪಂಚಾಯಿತಿಗೆ ಬಲ ಬಂದಾಗ ನಮ್ಮವರಿಗೆ, ಹೆಣ್ಣುಮಕ್ಕಳಿಗೆ ಮೀಸಲಾತಿಯೂ ಜೊತೆಗೇ ಬಂತು. ಹಳ್ಳಿ ಸಂವಿಧಾನದ ಒಳಗೆ ಬಂದದ್ದು ಹೀಗೆ, ಷರತ್ತಿನ ಮೇಲೆ.

ಇಂಗ್ಲಿಷ್ ಬ್ಯಾಂಡ್ ಎಂಬುದಾದರೂ ಎಷ್ಟು ಸರಿ? ಮಂತ್ರಿಮಂಡಲ ಸದನಕ್ಕೆ ಉತ್ತರ ಹೇಳುವ ಪದ್ಧತಿ ಇಂಗ್ಲೆಂಡಿನದು, ಹೌದು. ಹಿಂದಿನ ತೀರ್ಪು ನೋಡಿ ಮುಂದಿನ ತೀರ್ಪು ಕೊಡುವ ಕೋರ್ಟಿನ ರೀತಿಯೂ ಅಲ್ಲಿಂದಲೇ ಬಂದದ್ದು. ಫ್ರಾನ್ಸಿನಂಥ ದೇಶಗಳಲ್ಲಿ ಬರೆದಿಟ್ಟ ಸಂಹಿತೆಗೇ ಹೆಚ್ಚು ಒತ್ತು. ಆದರೆ ಇಂಗ್ಲೆಂಡಿನಲ್ಲಿ ಒಂದೇ ಪುಸ್ತಕವಾಗಿ ಬರೆದ ಸಂವಿಧಾನವೇ ಇಲ್ಲ, ಪಾರ್ಲಿಮೆಂಟ್ ಮಾಡಿದ ಕಾಯ್ದೆಯನ್ನು ರದ್ದು ಮಾಡುವ ಕೋರ್ಟೂ ಇಲ್ಲ. ನಮ್ಮಲ್ಲಿ ಎರಡೂ ಇವೆ. ಮೂಲಭೂತ ಹಕ್ಕಿಗೆ ಅಮೆರಿಕ, ನಿರ್ದೇಶಕ ತತ್ವಕ್ಕೆ ಐರ್ಲೆಂಡ್ ಮಾದರಿಯಾದವು. ಸಭೆ ನಡೆಸುವ ಕ್ರಮ ಈ ನೆಲಕ್ಕೆ ಹೊಸದಲ್ಲ ಎಂದು ಬಾಬಾಸಾಹೇಬರು ನವೆಂಬರ್ 25ರ ಭಾಷಣದಲ್ಲಿ ನೆನಪಿಸಿದ್ದು ಭಿಕ್ಖು ಸಂಘವನ್ನು. ವಿನಯದಲ್ಲಿ ಓದಿದ್ದೇವಲ್ಲ: ವಿಷಯವನ್ನು ಞತ್ತಿಯಾಗಿ ಮಂಡಿಸಬೇಕು, ಮುಖ್ಯವಾದದ್ದಾದರೆ ಮೂರು ಸಲ ಕೇಳಬೇಕು, ಇಷ್ಟು ಜನ ಭಿಕ್ಖುಗಳಿಲ್ಲದೆ ಇಂಥ ಕೆಲಸ ನಡೆಯದು, ಒಮ್ಮತ ಬಾರದಿದ್ದರೆ ಸಲಾಕೆ ಎಂಬ ಕಡ್ಡಿ ಹಂಚಿ ಮತ ಎಣಿಸಬೇಕು. ಕ್ಷೌರಿಕನಾಗಿದ್ದ ಉಪಾಲಿ ಆ ವಿನಯದಲ್ಲಿ ಎಲ್ಲರಿಗಿಂತ ಬಲ್ಲವನಾಗಿದ್ದ. ಅಂಥ ಸಂಗೀತ ನಮ್ಮಲ್ಲೂ ಇತ್ತು, ಹನುಮಂತಯ್ಯನವರ ಕಿವಿಗೆ ಬಿದ್ದಿರಲಿಲ್ಲ ಅಷ್ಟೇ.

ಇಷ್ಟು ಹೇಳಿ ನಿಲ್ಲಿಸಿದರೆ ಹುಡುಗರು ಗೆದ್ದಂತೆ. ಆದರೆ ಆ ಮನುಷ್ಯನ ಮುಂದಿನ 30 ವರ್ಷ ಉಳಿದಿದೆ, ಮತ್ತು ಆ ವರ್ಷಗಳೆಲ್ಲ ಇದೇ ಸಂವಿಧಾನದ ಕೆಳಗೆ ಕಳೆದವು.

1952ರ ಮೊದಲ ಸಾರ್ವತ್ರಿಕ ಚುನಾವಣೆಯ ನಂತರ ಮಾರ್ಚ್ 30ರಂದು ಅವರು ಮೈಸೂರಿನ ಮುಖ್ಯಮಂತ್ರಿಯಾದರು. ವಿಧಾನಸೌಧದ ಕಥೆ ಎಲ್ಲರಿಗೂ ಗೊತ್ತು. ನೆಹರೂ ಅವರು 1951ರ ಜುಲೈ 13ರಂದು ಅಡಿಗಲ್ಲು ಹಾಕಿದ ಕಟ್ಟಡದ ನಕ್ಷೆಯನ್ನು ಇವರು ಬಹಳ ದೊಡ್ಡದು ಮಾಡಿಸಿದರು, ಎಂಜಿನಿಯರ್ ಬಿ.ಆರ್. ಮಾಣಿಕ್ಯಂ; 1956ರಲ್ಲಿ ಮುಗಿಯಿತು; ಸುಮಾರು 1.84 ಕೋಟಿ ರೂಪಾಯಿ ಖರ್ಚು. ಬಡ ರಾಜ್ಯಕ್ಕೆ ಅರಮನೆ ಯಾಕೆ ಎಂಬ ಟೀಕೆ ಆಗಲೇ ಇತ್ತು. ನನಗೆ ಆ ಕಟ್ಟಡದಲ್ಲಿ ಇಷ್ಟವಾಗುವುದು ಅದು ನಿಂತಿರುವ ಜಾಗ. ಎದುರಿಗೇ ಕೆಂಪು ಅಠಾರ ಕಚೇರಿ, ಅಂದರೆ ಹೈಕೋರ್ಟ್. ಕಾನೂನು ಮಾಡುವವರು ಈ ಕಡೆ, ಆ ಕಾನೂನು ಸಂವಿಧಾನಕ್ಕೆ ಸರಿಯಿದೆಯೇ ಎಂದು ತೂಗುವವರು ಆ ಕಡೆ. ಒಬ್ಬರ ಕಟ್ಟಡ ಇನ್ನೊಬ್ಬರ ಕಿಟಕಿಗೆ ಕಾಣುತ್ತದೆ. ನಡುವಿನ ರಸ್ತೆಗೆ ಡಾ. ಅಂಬೇಡ್ಕರ್ ವೀದಿ ಎಂದು ಹೆಸರು. ಅಧಿಕಾರ ಹಂಚಿಕೆ ಎಂದರೇನು ಎಂದು ಮಕ್ಕಳಿಗೆ ಹೇಳಿಕೊಡುವವರು ಅಲ್ಲಿಗೆ ಒಮ್ಮೆ ಕರೆದುಕೊಂಡು ಹೋದರೆ ಸಾಕು, ಅರ್ಧ ಪಾಠ ಮುಗಿದಂತೆ. ಕಟ್ಟಡದ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂಬರ್ಥದ ಬರಹ ಇದೆ. ದೇವರನ್ನು ನಂಬದ ನಾವು ಸರ್ಕಾರದ ಕೆಲಸ ಜನರ ಕೆಲಸ ಎಂದು ಓದಿಕೊಂಡರೆ ತೊಂದರೆಯೇನಿಲ್ಲ.

ಅವರ ಕಾಲದಲ್ಲೇ, 1954ರಲ್ಲಿ, ಇನಾಂ ರದ್ದತಿ ಕಾಯ್ದೆ ಬಂತು. ಅದು ವೈಯಕ್ತಿಕ ಮತ್ತು ಇತರೆ ಇನಾಂಗಳದ್ದು. ನಮ್ಮ ಹಿರಿಯರ ಕೊರಳಿಗೆ ಕಟ್ಟಿದ್ದ ತೋಟಿ, ತಳವಾರಿಕೆ, ನೀರಗಂಟಿಕೆಯ ವಂಶಪಾರಂಪರ್ಯ ಕಾನೂನಿನಲ್ಲಿ ಮುಗಿದದ್ದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ. ಇವರ ಕೈಯಲ್ಲಿ ನಾಲ್ಕು ವರ್ಷ ಅಧಿಕಾರ ಇದ್ದಾಗ ಅದು ಆಗಲಿಲ್ಲ ಎಂಬುದನ್ನೂ ಲೆಕ್ಕದಲ್ಲಿ ಬರೆಯಲೇಬೇಕು.

ಏಕೀಕರಣದ ವಿಷಯ ಬಂದಾಗ ಅವರ ಇನ್ನೊಂದು ಮುಖ ಕಾಣುತ್ತದೆ. ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಟ್ಟಿತು. ಉತ್ತರ ಕರ್ನಾಟಕ ಸೇರಿದರೆ ಹಳೇ ಮೈಸೂರಿನ ಒಕ್ಕಲಿಗರ ಹಿಡಿತ ಹೋಗುತ್ತದೆ ಎಂದು ಅವರ ಸಮುದಾಯದ ಬಹಳಷ್ಟು ಮುಖಂಡರೇ ವಿರೋಧಿಸಿದರು. ಸಂವಿಧಾನದ 3ನೇ ವಿಧಿಯ ಪ್ರಕಾರ ರಾಜ್ಯದ ಗಡಿ ಬದಲಿಸುವುದು ಪಾರ್ಲಿಮೆಂಟಿನ ಕೆಲಸ, ಶಾಸನಸಭೆಯ ಅಭಿಪ್ರಾಯ ಕೇಳಿದರೆ ಸಾಕು. ದೆಹಲಿಯವರು ಮಾಡಿದರು, ನಾನೇನು ಮಾಡಲಿ ಎಂದು ಹನುಮಂತಯ್ಯನವರು ಸುಮ್ಮನಿದ್ದುಬಿಡಬಹುದಿತ್ತು. ಇರಲಿಲ್ಲ. ಏಕೀಕರಣದ ಪರ ನಿಂತು ವಾದಿಸಿದರು. 1956ರ ಆಗಸ್ಟಿನಲ್ಲಿ ಪಕ್ಷದ ಶಾಸಕರ ವಿಶ್ವಾಸ ಕಳೆದುಕೊಂಡು ಇಳಿದರು. ಕಡಿದಾಳ್ ಮಂಜಪ್ಪನವರು ಬಂದರು. ನವೆಂಬರ್ 1ಕ್ಕೆ ದೊಡ್ಡ ರಾಜ್ಯ ಹುಟ್ಟಿದಾಗ ಕುರ್ಚಿಯಲ್ಲಿದ್ದವರು ನಿಜಲಿಂಗಪ್ಪನವರು. ತಾನು ಕಟ್ಟಿಸಿದ ವಿಧಾನಸೌಧದಲ್ಲಿ ಆ ದೊಡ್ಡ ರಾಜ್ಯವನ್ನು ಆಳುವುದು ಇವರಿಗೆ ಒದಗಲಿಲ್ಲ. 1947ರಲ್ಲಿ ಬೀದಿಯಲ್ಲಿ ಕೇಳಿದ ಜವಾಬ್ದಾರಿ ಸರ್ಕಾರ ಅವರನ್ನೇ ಇಳಿಸಿತು, ಅವರು ಇಳಿದರು. ಪೊಲೀಸು, ಸೈನ್ಯ ಯಾವುದೂ ಬೇಕಾಗಲಿಲ್ಲ. ಪ್ರಪಂಚದ ಎಷ್ಟೋ ದೇಶಗಳಲ್ಲಿ ಇದು ಇಂದಿಗೂ ಹೀಗೆ ನಡೆಯುವುದಿಲ್ಲ.

1962ರಲ್ಲಿ ಬೆಂಗಳೂರಿನಿಂದ ಲೋಕಸಭೆಗೆ ಹೋದರು. ಕೇಂದ್ರದ ಆಡಳಿತ ಸುಧಾರಣಾ ಆಯೋಗ 1966ರಲ್ಲಿ ರಚನೆಯಾದಾಗ ಅದರ ಸದಸ್ಯರು. ಮರುವರ್ಷ ಮೊರಾರ್ಜಿ ದೇಸಾಯಿಯವರು ಉಪಪ್ರಧಾನಿಯಾಗಿ ಹೋದ ಮೇಲೆ ಅಧ್ಯಕ್ಷರು. ಲೋಕಪಾಲ, ಲೋಕಾಯುಕ್ತ ಎಂಬ ಹೆಸರುಗಳು ಶಿಫಾರಸಾಗಿ ಬಂದದ್ದು ಈ ಆಯೋಗದ ಮೊದಲ ವರದಿಯಲ್ಲಿ. ತಾಲ್ಲೂಕು ಕಚೇರಿಯಲ್ಲಿ ಕೆಲಸಕ್ಕೆ ಲಂಚ ಕೇಳಿದರೆ ಇವತ್ತು ನಾವು ಲೋಕಾಯುಕ್ತಕ್ಕೆ ಅರ್ಜಿ ಹಾಕುತ್ತೇವಲ್ಲ, 1984ರ ನಮ್ಮ ರಾಜ್ಯದ ಕಾಯ್ದೆಯ ಬೀಜ ಅಲ್ಲಿದೆ.

ಇನ್ನು ಮುಂದಿನದು ನನಗೆ ಅವರ ಜೀವನದಲ್ಲೇ ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ ಭಾಗ. 1970ರಲ್ಲಿ ಅವರು ಕೇಂದ್ರದ ಕಾನೂನು ಸಚಿವರಾದರು. 1951ರಲ್ಲಿ ಹಿಂದೂ ಕೋಡ್ ಬಿಲ್ಲಿನ ಕಾರಣಕ್ಕೆ ಬಾಬಾಸಾಹೇಬರು ಬಿಟ್ಟು ಬಂದ ಅದೇ ಖಾತೆ. ಇಂಗ್ಲಿಷ್ ಬ್ಯಾಂಡ್ ಎಂದವರ ಕೈಗೇ ಈಗ ಆ ಬ್ಯಾಂಡಿನ ಕೋಲು. ಆ ವರ್ಷದ ಸೆಪ್ಟೆಂಬರಿನಲ್ಲಿ ಸರ್ಕಾರ ಹಳೆಯ ರಾಜರ ಮಾನ್ಯತೆಯನ್ನು ರಾಷ್ಟ್ರಪತಿಗಳ ಆದೇಶದಿಂದ ರದ್ದು ಮಾಡಿತು, ಅವರಿಗೆ ಕೊಡುತ್ತಿದ್ದ ರಾಜಧನ ನಿಲ್ಲಿಸಲು. ಮೈಸೂರಿನ ಮಹಾರಾಜರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ಇತ್ತು. ಉದ್ದೇಶ ಸರಿಯಾದದ್ದು, ನಾವೂ ಚಪ್ಪಾಳೆ ತಟ್ಟುವಂಥದ್ದು. ಆದರೆ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ಹೊಡೆದುಹಾಕಿತು. ಸಂವಿಧಾನದಲ್ಲಿ ಬರೆದದ್ದನ್ನು ಒಂದು ಆದೇಶದಿಂದ ಅಳಿಸಲು ಬರುವುದಿಲ್ಲ ಎಂದಿತು. ಸರ್ಕಾರ ತೀರ್ಪಿಗೆ ತಲೆಬಾಗಿ, ಚುನಾವಣೆಗೆ ಹೋಗಿ, ಗೆದ್ದು ಬಂದು, 1971ರ ಕೊನೆಯಲ್ಲಿ 26ನೇ ತಿದ್ದುಪಡಿ ಮಾಡಿ ರಾಜಧನವನ್ನು ಕ್ರಮಬದ್ಧವಾಗಿ ತೆಗೆಯಿತು. ಒಂದು ವರ್ಷ ತಡವಾಯಿತು. ಒಳ್ಳೆಯ ಗುರಿಗೂ ಸರಿಯಾದ ದಾರಿಯಲ್ಲೇ ಹೋಗಬೇಕು ಎಂಬುದು ವಿನಯದಲ್ಲೂ ಇದೆ: ಕ್ರಮ ತಪ್ಪಿದ ಸಂಘಕಮ್ಮ, ಅದರ ಫಲ ಎಷ್ಟೇ ಒಳ್ಳೆಯದಿರಲಿ, ಸಂಘಕಮ್ಮವಲ್ಲ. ಇಂದು ರಾಜನ ಹಣಕ್ಕೆ ಅಡ್ಡ ನಿಂತ ಅದೇ ನಿಯಮ ನಾಳೆ ನಮ್ಮ ಮೀಸಲಾತಿಯನ್ನು ರಾತ್ರೋರಾತ್ರಿ ಆದೇಶದಿಂದ ಅಳಿಸಲು ಹೊರಟವನಿಗೂ ಅಡ್ಡ ನಿಲ್ಲುತ್ತದೆ.

ಆಮೇಲೆ ಅವರು ರೈಲ್ವೆ ಸಚಿವರಾಗಿದ್ದು 1972ರಲ್ಲಿ ಆ ಸ್ಥಾನ ಬಿಟ್ಟರು.

1973ರ ಏಪ್ರಿಲ್ 24. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಮಠದ ಜಮೀನಿಗಾಗಿ ಹಾಕಿದ ಕೇಸಿನಲ್ಲಿ 13 ನ್ಯಾಯಾಧೀಶರು ಕೂತು, 7 ಜನ ಒಂದು ಕಡೆ 6 ಜನ ಒಂದು ಕಡೆಯಾಗಿ, ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪ ಕೆಡಿಸುವಂತಿಲ್ಲ ಎಂದರು. ಭೂಸುಧಾರಣೆಯನ್ನು ವಿರೋಧಿಸಿದ ಮಠದ ಕೇಸಿನಿಂದ ನಮ್ಮೆಲ್ಲರನ್ನೂ ಕಾಯುವ ತೀರ್ಪು ಬಂತು. ಇತಿಹಾಸ ಹೀಗೂ ಇರುತ್ತದೆ. ಆ 7 ಜನರಲ್ಲಿ ನಮ್ಮ ರಾಜ್ಯದ ಕೆ.ಎಸ್. ಹೆಗ್ಡೆಯವರೂ ಇದ್ದರು. ಅವರನ್ನೂ ಇನ್ನಿಬ್ಬರು ಹಿರಿಯರನ್ನೂ ದಾಟಿ ಸರ್ಕಾರ ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಅವರು ರಾಜೀನಾಮೆ ಕೊಟ್ಟು ಬಂದರು. ತುರ್ತುಪರಿಸ್ಥಿತಿ ಮುಗಿದು 1977ರಲ್ಲಿ ಚುನಾವಣೆ ಬಂತು. ಬೆಂಗಳೂರು ದಕ್ಷಿಣದಲ್ಲಿ ಕಾಂಗ್ರೆಸ್ಸಿನಿಂದ ಹನುಮಂತಯ್ಯನವರು, ಜನತಾ ಕಡೆಯಿಂದ ಕೆ.ಎಸ್. ಹೆಗ್ಡೆಯವರು. ಸಂವಿಧಾನಕ್ಕೆ ಸಹಿ ಹಾಕಿದ ಸಭೆಯ ಸದಸ್ಯರೊಬ್ಬರ ಎದುರು ಆ ಸಂವಿಧಾನಕ್ಕೆ ಬೇಲಿ ಹಾಕಿದ ನ್ಯಾಯಾಧೀಶರೊಬ್ಬರು. ರಾಜ್ಯದ 28ರಲ್ಲಿ 26 ಕಡೆ ಕಾಂಗ್ರೆಸ್ ಗೆದ್ದರೂ ಇಲ್ಲಿ ಸೋತಿತು. ಹೆಗ್ಡೆಯವರು ಲೋಕಸಭೆಯ ಸ್ಪೀಕರ್ ಆದರು. ಹನುಮಂತಯ್ಯನವರು ಮೂರು ವರ್ಷದ ನಂತರ ತೀರಿಕೊಂಡರು.

ಮಾಗಡಿಯ ತಮ್ಮ, ಕನಕಪುರದ ತಮ್ಮ, ಇವರನ್ನು ಪೂಜಿಸಿ ಎಂದು ನಾನು ಹೇಳುತ್ತಿಲ್ಲ. ರಾಜಕೀಯದಲ್ಲಿ ಭಕ್ತಿ ಬೇಡ ಎಂದು ಬಾಬಾಸಾಹೇಬರು ಹೇಳಿದ್ದೂ ಅದೇ ನವೆಂಬರ್ 25ರಂದು. ಕಾಲಾಮರಿಗೆ ಭಗವಾನರು ಹೇಳಿದ್ದನ್ನು ನಾವು ಎಷ್ಟು ಸಲ ಓದಿಲ್ಲ: ಯಾರು ಹೇಳಿದರು ಎಂದು ನೋಡಿ ಒಪ್ಪುವುದೂ ಬೇಡ, ತಳ್ಳುವುದೂ ಬೇಡ. ಟೀಕಿಸಿದವರಿಗೂ ಆ ಸಭೆಯಲ್ಲಿ ಜಾಗ ಇತ್ತು, ಅವರ ಮಾತು ಒಂದಕ್ಷರ ಬಿಡದೆ ನಡಾವಳಿಯಲ್ಲಿ ಅಚ್ಚಾಯಿತು, ಅದಕ್ಕೆ ಬಾಬಾಸಾಹೇಬರು ಉತ್ತರ ಕೊಟ್ಟರು, ಕೋಪದಿಂದಲ್ಲ, ಕಾರಣ ಕೊಟ್ಟು.

ಈ ಭಾನುವಾರ ಸಂಜೆ ವಂದನೆ ಮುಗಿದ ಮೇಲೆ ಹನುಮಂತಯ್ಯನವರ ಭಾಷಣವನ್ನೂ ಬಾಬಾಸಾಹೇಬರ ನವೆಂಬರ್ 25ರ ಭಾಷಣವನ್ನೂ ಒಟ್ಟಿಗೆ ಇಟ್ಟುಕೊಂಡು ಓದೋಣ. ಮೊದಲನೆಯದನ್ನು ಆ ಇಬ್ಬರು ತಮ್ಮಂದಿರೇ ಗಟ್ಟಿಯಾಗಿ ಓದಲಿ, ಆಮೇಲೆ ಎಷ್ಟು ಬೇಕಾದರೂ ಜಗಳವಾಡಲಿ. ಸಂವಿಧಾನ ಸಭೆಯ ಚರ್ಚೆಗಳ ಪುಸ್ತಕ ಯಾರ ಮನೆಯಲ್ಲಿದೆಯೋ ಅವರು ಮರೆಯದೆ ತನ್ನಿ. ಚನ್ನಪಟ್ಟಣದಿಂದ ಬರುವವರು ಕೊನೆಯ ಬಸ್ಸಿನ ಹೊತ್ತು ನೋಡಿಕೊಳ್ಳಿ. ಹೋದ ಸಲ ಚರ್ಚೆ ರಾತ್ರಿ ಒಂಬತ್ತಕ್ಕೂ ಮುಗಿಯಲಿಲ್ಲ.

ಭವತು ಸಬ್ಬ ಮಂಗಲಂ 🙏
ಜೈ ಭೀಮ್